ರದ್ದು ಬೇರೆ, ಅನೂರ್ಜಿತ ಬೇರೆ: ಪತ್ರ ಬರೆಯುವವನ ಅನುಭವ

ವಿರಾಜಪೇಟೆಯಲ್ಲಿ ದಸ್ತಾವೇಜು ಬರೆಯಲು ಕೂತ ಮೊದಲ ವರ್ಷಗಳಲ್ಲಿ ನನಗೆ ‘ಅನೂರ್ಜಿತ’ ಎಂಬ ಪದದ ಮೇಲೆ ಬಹಳ ಮೋಹ. ರದ್ದು ಅಂದರೆ ಬಸ್ಸಿನ ಟಿಕೆಟ್ಟಿಗೂ ಆಗುತ್ತದೆ, ಛಾಪಾ ಕಾಗದದ ಮೇಲೆ ಸ್ವಲ್ಪ ಭಾರದ ಪದ ಇರಲಿ ಅನ್ನಿಸುತ್ತಿತ್ತು. ಆ ಮೋಹ ಬಿಟ್ಟದ್ದು ಒಂದು ಮಳೆಗಾಲದಲ್ಲಿ.

ಹಿರಿಯ ಬೆಳೆಗಾರರೊಬ್ಬರು ಬಂದು ‘ಪವರ್ ಕ್ಯಾನ್ಸಲ್ ಮಾಡ್ಬೇಕು ರೈಟರೇ’ ಎಂದರು. ಜುಲೈ ತಿಂಗಳು, ಕರೆಂಟು ಹೋಗಿ ಎರಡು ದಿನವಾಗಿತ್ತು. ‘ಅದು ಆಗಲೇ ಕ್ಯಾನ್ಸಲ್ ಆಗಿದೆಯಲ್ಲ’ ಎಂದು ಬೆಂಚಿನಲ್ಲಿದ್ದವರು ನಕ್ಕರು. ಬೆಳೆಗಾರರು ಹೇಳಿದ್ದು ಪವರ್ ಆಫ್ ಅಟಾರ್ನಿ, ತಮ್ಮ ಪರವಾಗಿ ವ್ಯವಹರಿಸಲು ಇನ್ನೊಬ್ಬರಿಗೆ ಅಧಿಕಾರ ಕೊಡುವ ಪತ್ರ, ನಮ್ಮ ಪತ್ರದ ಭಾಷೆಯಲ್ಲಿ ಮುಕ್ತಿಯಾರ್ ನಾಮೆ. ತಮ್ಮನ ಮಗನಿಗೆ ಬರೆದುಕೊಟ್ಟಿದ್ದರು. ಹುಡುಗ ನಾಲ್ಕು ವರ್ಷ ತೋಟ ನೋಡಿಕೊಂಡ, ಕಾಫಿ ಮಾರಿದ, ಮರದ ಮೇಲಿನ ಮೆಣಸನ್ನು ಗುತ್ತಿಗೆಗೆ ಕೊಟ್ಟ. ಐದನೇ ವರ್ಷ ಲೆಕ್ಕ ಕೊಡುವುದನ್ನು ನಿಲ್ಲಿಸಿದ. ಅವರ ಸಿಟ್ಟಿಗೆ ತಕ್ಕ ಪದ ನನ್ನ ಹತ್ತಿರ ಸಿದ್ಧವಾಗಿತ್ತು: ‘ಸದರಿ ಮುಕ್ತಿಯಾರ್ ನಾಮೆಯು ಆದಿಯಿಂದಲೇ ಅನೂರ್ಜಿತವಾಗಿರುತ್ತದೆ.’ ಓದಿ ಹೇಳಿದೆ. ಅವರಿಗೆ ಪರಮ ಸಂತೋಷ.

ಕರಡು ಅವರ ವಕೀಲರ ಕೈಗೆ ಹೋಯಿತು. ಸಂಜೆ ವಕೀಲರು ನನ್ನನ್ನು ಕರೆಸಿ ಕೇಳಿದರು. ‘ಆದಿಯಿಂದಲೇ ಅನೂರ್ಜಿತ ಆದರೆ ನಾಲ್ಕು ವರ್ಷದ ಕಾಫಿ ಮಾರಿದ್ದು ಯಾರು? ಮೆಣಸು ಕುಯ್ದವನು ಕಳ್ಳನಾ?’

ಉತ್ತರ ನನ್ನಲ್ಲಿರಲಿಲ್ಲ. ಅನೂರ್ಜಿತ ಅಂದರೆ ಅದಕ್ಕೆ ಬಲವೇ ಇರಲಿಲ್ಲ, ಹುಟ್ಟಿದ್ದೇ ಸತ್ತು ಹುಟ್ಟಿದ್ದು ಎಂದ ಹಾಗೆ. ಈ ಪತ್ರಕ್ಕೆ ನಾಲ್ಕು ವರ್ಷ ಜೀವ ಇತ್ತು, ಈಗ ತೆಗೆಯುತ್ತಿದ್ದೇವೆ. ಅದಕ್ಕೆ ರದ್ದು. 1872ರ ಕರಾರು ಕಾಯಿದೆಯ 204ನೇ ಕಲಮನ್ನು ವಕೀಲರೇ ತೆಗೆದು ತೋರಿಸಿದರು: ಏಜೆಂಟ್ ಆಗಲೇ ಮಾಡಿ ಮುಗಿಸಿದ ಕೆಲಸಗಳಿಗೆ ಸಂಬಂಧಿಸಿ ಅಧಿಕಾರವನ್ನು ಹಿಂದಕ್ಕೆ ತೆಗೆದುಕೊಳ್ಳಲು ಬರುವುದಿಲ್ಲ. 208ರ ಪ್ರಕಾರ ಏಜೆಂಟನ ಮಟ್ಟಿಗೆ ಅಧಿಕಾರ ಮುಗಿಯುವುದು ಅವನಿಗೆ ತಿಳಿದಾಗ, ಹೊರಗಿನವರ ಮಟ್ಟಿಗೆ ಅವರಿಗೆ ತಿಳಿದಾಗ. ಹಾಗಾಗಿ ನಾನು ಬರೆದ ಭಾರದ ಪದಕ್ಕಿಂತ ಹುಡುಗನಿಗೆ ಹೋಗುವ ರಿಜಿಸ್ಟರ್ಡ್ ಪೋಸ್ಟಿನ ಸ್ವೀಕೃತಿ ಚೀಟಿಗೇ ತೂಕ ಹೆಚ್ಚು. ಪೇಪರಿನಲ್ಲೊಂದು ಪ್ರಕಟಣೆಯನ್ನೂ ಕೊಡಿಸಿದೆವು. ಪತ್ರದಲ್ಲಿ ಉಳಿದ ವಾಕ್ಯ ಇಷ್ಟು: ‘ಸದರಿ ಮುಕ್ತಿಯಾರ್ ನಾಮೆಯನ್ನು ನಾನು ಈ ದಿನದಿಂದ ರದ್ದುಪಡಿಸಿರುತ್ತೇನೆ.’

ಆ ವಾಕ್ಯದಲ್ಲಿ ‘ನಾನು’ ಇದೆ, ‘ಈ ದಿನದಿಂದ’ ಇದೆ. ಅಂದಿನಿಂದ ಎರಡೂ ಇಲ್ಲದ ರದ್ದತಿ ಪತ್ರ ನನ್ನ ಕೈಯಿಂದ ಹೋಗಿಲ್ಲ. ‘ರದ್ದಾಗಿರುತ್ತದೆ’ ಎಂದು ಬರೆಯುವವರು ಈಗಲೂ ಇದ್ದಾರೆ. ತಾನಾಗಿ ರದ್ದಾಗಲು ಅದೇನು ಬಸ್ಸೇ? 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಮಡಿಕೇರಿ ದಾರಿ ಮುಚ್ಚಿದಾಗ ಬಸ್ಸು ರದ್ದಾಗಿತ್ತು, ಸರಿ. ಪತ್ರವನ್ನು ಮಾತ್ರ ಯಾರಾದರೊಬ್ಬರು ರದ್ದು ಮಾಡಲೇಬೇಕು.

ತೋಟದ ಲೈನಿನಿಂದ, ಅಂದರೆ ಕಾರ್ಮಿಕರ ಸಾಲುಮನೆಗಳಿಂದ, ಬರುವವರಿಗೆ ತೊಡಕಾಗುವ ಪದ ‘ವಜಾ’. ಸಂಬಳದ ದಿನ ಅವರು ಕೇಳುವುದು ‘ಅಡ್ವಾನ್ಸಿಗೆ ಇನ್ನೂರು ವಜಾ’ ಅಂತ. ಕಳೆಯುವುದು, ಹಿಡಿದುಕೊಳ್ಳುವುದು ಎಂಬ ಅರ್ಥ. ಕಾಫಿ ತೂಗುವಲ್ಲಿಯೂ ಚೀಲದ ತೂಕ ವಜಾ ಆಗುತ್ತದೆ. ಒಬ್ಬರು ಮನೆ ನಿವೇಶನಕ್ಕೆ ಅರ್ಜಿ ಹಾಕಿದ್ದರು. ‘ಅರ್ಜಿಯನ್ನು ವಜಾಗೊಳಿಸಲಾಗಿದೆ’ ಎಂಬ ಹಿಂಬರಹ ಹಿಡಿದುಕೊಂಡು ಬಂದು, ‘ಎಷ್ಟು ಹಿಡ್ಕೊಂಡಿದ್ದಾರೆ ಸಾರ್?’ ಎಂದು ಕೇಳಿದರು. ಪೂರ್ತಿ ಹಿಡ್ಕೊಂಡಿದ್ದಾರೆ ಎನ್ನಲು ನನಗೆ ಬಾಯಿ ಬರಲಿಲ್ಲ. ಅರ್ಜಿ ತಳ್ಳಿಹಾಕಿದ್ದಾರೆ ಎಂದೆ, ಮೇಲ್ಮನವಿ ಬರೆದುಕೊಟ್ಟೆ. ಆ ಹಿಂಬರಹದಲ್ಲಿ ‘ತಿರಸ್ಕರಿಸಲಾಗಿದೆ’ ಎಂದಿದ್ದರೆ ಅವರಿಗೆ ಬಸ್ ಚಾರ್ಜಾದರೂ ಉಳಿಯುತ್ತಿತ್ತು. ರದ್ದು, ವಜಾ ಎರಡೂ ಅರಬ್ಬಿಯಿಂದ ಬಂದವು, ಬರಖಾಸ್ತು ಪಾರಸಿ. ಇಲ್ಲಿಗೆ ಬಂದ ಮೇಲೆ ಎಲ್ಲಕ್ಕೂ ಬೇರೆ ಬೇರೆ ಕೆಲಸ ಸಿಕ್ಕಿದೆ: ಅರ್ಜಿ ವಜಾ, ಸಭೆ ಬರಖಾಸ್ತು, ಸಾಲ ಮನ್ನಾ, ಆರೋಪಿ ಖುಲಾಸೆ. ಒಂದರ ಜಾಗದಲ್ಲಿ ಇನ್ನೊಂದನ್ನು ಕೂರಿಸಿದರೆ ನಗೆಪಾಟಲು. ‘ಅಸಿಂಧು’ವಿಗೆ ನಮ್ಮಲ್ಲಿ ಕೆಲಸ ಕಡಿಮೆ, ಅದು ಮತ ಎಣಿಸುವವರ ಪದ. ಅದನ್ನೇ ಪತ್ರಿಕೆಗಳು ‘ಕುಲಗೆಟ್ಟ ಮತ’ ಎಂದೂ ಬರೆಯುತ್ತಿದ್ದವು. ಮುದ್ರೆ ಗೆರೆ ದಾಟಿದ ಮಾತ್ರಕ್ಕೆ ಕುಲದವರೆಗೆ ಹೋಗಬೇಕಿತ್ತೇ?

ಇನ್ನು ‘ಹೊಡೆದುಹಾಕು’. ಎಂಬತ್ತು ದಾಟಿದ ಅಮ್ಮನೊಬ್ಬರು ತಮ್ಮ ಉಯಿಲು ತಂದು ಮೇಜಿನ ಮೇಲಿಟ್ಟರು. ಪ್ರತಿ ಹಾಳೆಗೂ ಕೆಂಪು ಪೆನ್ನಿನಲ್ಲಿ ಮೂಲೆಯಿಂದ ಮೂಲೆಗೆ ಗೀಟು.

‘ಇದನ್ನು ಕ್ಯಾನ್ಸಲ್ ಮಾಡಿದ್ದೇನೆ. ಹೊಸದು ಎಂತದೂ ಬೇಡ.’

‘ಇದು ಹೋಗಿಲ್ಲ ಅಮ್ಮ.’

‘ಗೀಟು ಕಾಣೋದಿಲ್ವ ನಿಮಗೆ?’

‘ಗೀಟು ಕಾಣ್ತದೆ. ಅದರ ಕೆಳಗಿನ ಅಕ್ಷರವೂ ಕಾಣ್ತದಲ್ಲ.’

1925ರ ಉತ್ತರಾಧಿಕಾರ ಕಾಯಿದೆಯ 70ನೇ ಕಲಮಿನಲ್ಲಿ ಉಯಿಲು ರದ್ದಾಗುವ ದಾರಿಗಳಿವೆ: ಇನ್ನೊಂದು ಉಯಿಲು ಬರೆಯಬೇಕು, ಇಲ್ಲವೇ ರದ್ದು ಮಾಡುವ ಇಚ್ಛೆಯನ್ನು ಉಯಿಲಿನಷ್ಟೇ ಕ್ರಮಬದ್ಧವಾಗಿ ಸಾಕ್ಷಿ ಹಾಕಿಸಿ ಬರೆದಿಡಬೇಕು, ಇಲ್ಲವೇ ಆ ಉದ್ದೇಶದಿಂದಲೇ ಸುಡಬೇಕು, ಹರಿಯಬೇಕು, ನಾಶ ಮಾಡಬೇಕು. ಬರೇ ಗೀಟಿನಿಂದ ಅಕ್ಷರ ಓದಲಾಗದಂತೆ ಅಳಿಯದಿದ್ದರೆ ಅದಕ್ಕೆ ಬೆಲೆ ಇಲ್ಲ ಎನ್ನುತ್ತದೆ 71. ಅಮ್ಮ ಕೂಡಲೇ ಹರಿಯಲು ಕೈ ಹಾಕಿದರು. ತಡೆದೆ. ಆ ಉಯಿಲು ನೋಂದಣಿಯಾಗಿತ್ತು, ಕಚೇರಿಯಲ್ಲಿರುವ ನಕಲನ್ನು ಅವರು ಹರಿಯಲಾರರು. ನಾಳೆ ಯಾರಾದರೂ ಅದರ ದೃಢೀಕೃತ ಪ್ರತಿ ತಂದು, ಮೂಲ ಎಲ್ಲೋ ಕಳೆದುಹೋಗಿದೆ ಎಂದು ವಾದಿಸಿದರೆ, ಹರಿದದ್ದನ್ನು ಕಂಡವರು ಯಾರು? ಹಳೆಯದರ ತಾರೀಖು, ನಂಬರು ಸಹಿತ ಒಂದೂವರೆ ಪುಟದ ರದ್ದತಿ ಪತ್ರ ಬರೆದು ಇಬ್ಬರು ಸಾಕ್ಷಿಗಳ ಎದುರು ಸಹಿ ಹಾಕಿಸಿದೆ, ಅದನ್ನೂ ನೋಂದಣಿ ಮಾಡಿಸಿದೆವು. ಆ ಕೆಂಪು ಗೀಟಿನ ಉಯಿಲನ್ನು ಅವರು ಮನೆಗೆ ಹೋಗಿ ನೀರೊಲೆಗೆ ಹಾಕಿದರಂತೆ.

ಉಯಿಲು, ಮುಕ್ತಿಯಾರ್ ನಾಮೆಗಳಾದರೆ ಸಾಮಾನ್ಯವಾಗಿ ಬರೆದುಕೊಟ್ಟವರೇ ಹಿಂಪಡೆಯಬಹುದು. ಕ್ರಯಪತ್ರ, ದಾನಪತ್ರ ಹಾಗಲ್ಲ. ‘ಮಗನಿಗೆ ಕೊಟ್ಟ ದಾನ ವಾಪಸು ಬರೆಯಿರಿ’ ಎಂದು ಬರುವವರನ್ನು ನಾನು ವಕೀಲರ ಹತ್ತಿರ ಕಳಿಸುತ್ತೇನೆ. ನೋಡಿಕೊಳ್ಳಬೇಕು ಎಂಬ ಷರತ್ತು ಹಾಕಿ ಕೊಟ್ಟಿದ್ದರೆ 2007ರ ಹಿರಿಯ ನಾಗರಿಕರ ಕಾಯಿದೆಯ 23ನೇ ಕಲಮಿನಡಿ ನ್ಯಾಯಮಂಡಳಿಗೆ ಅರ್ಜಿ ಹಾಕಬಹುದು. ಅಲ್ಲಿ ಬರುವ ಪದ ‘ಶೂನ್ಯ’, ಅದನ್ನು ಘೋಷಿಸುವವರು ಅವರು. ನನ್ನ ಪೆನ್ನಿಗೆ ಆ ಪದ ಬರೆಯುವ ಅಧಿಕಾರ ಇಲ್ಲ.

ಇಬ್ಬರು ಸೇರಿ ಮಾಡಿದ ಕರಾರಾದರೆ ಇಬ್ಬರೂ ಸೇರಿಯೇ ಬಿಡಬೇಕು. ಕೊಡಗಿನಲ್ಲಿ ಇಬ್ಬರು ಅಂದರೆ ಇಪ್ಪತ್ತಾಗಬಹುದು. ಒಂದು ಒಕ್ಕದವರು, ಅಂದರೆ ಒಂದೇ ಕುಲದ ಕುಟುಂಬದವರು, ವಂಶಪಾರಂಪರ್ಯವಾಗಿ ಬಂದ ಜಮ್ಮಾ ಜಾಗದ ವಿಚಾರದಲ್ಲಿ ಹದಿನಾಲ್ಕು ಸಹಿ ಹಾಕಿ ನೋಂದಣಿ ಮಾಡಿಸಿದ್ದ ಕರಾರನ್ನು ಬಿಡಲು ಒಪ್ಪಿದ್ದರು. ಮತ್ತೆ ಹದಿನಾಲ್ಕು ಸಹಿ ಬೇಕಲ್ಲ! ಬೆಂಗಳೂರಿನಲ್ಲಿ ನಾಲ್ವರು, ಮೈಸೂರಿನಲ್ಲಿ ಇಬ್ಬರು, ಒಬ್ಬರು ಸೈನ್ಯದಲ್ಲಿ. ಸುಗ್ಗಿ ಹಬ್ಬವಾದ ಹುತ್ತರಿಗೆ ಎಲ್ಲರೂ ಒಕ್ಕದ ಮೂಲಮನೆಯಾದ ಐನ್‌ಮನೆಗೆ ಬರುವವರೆಗೆ ಕಾದೆವು. ಕದಿರು ತೆಗೆದು, ಹಬ್ಬ ಮುಗಿಸಿ, ಕಚೇರಿ ತೆರೆದ ದಿನ ಎರಡು ಜೀಪಿನಲ್ಲಿ ಬಂದಿಳಿದರು. ಮುಂಗಡ ವಾಪಸು ಸಂದಾಯವಾದದ್ದನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆದಿದ್ದೆ. ಚಿತ್ತು ಕಾಟು ಇರಲಿಲ್ಲ.

ತಿಂಗಳ ಮೇಲೆ ಅವರಲ್ಲಿ ಹಿರಿಯರು ಋಣಭಾರ ಪತ್ರ, ಅಂದರೆ ಆ ಜಾಗದ ಮೇಲೆ ನೋಂದಣಿಯಾದ ಪತ್ರಗಳ ಪಟ್ಟಿ, ಹಿಡಿದು ಬಂದರು. ‘ರದ್ದು ಮಾಡಿದ ಮೇಲೂ ಹಳೆ ಕರಾರು ಇದರಲ್ಲಿ ಯಾಕೆ ಉಂಟು?’

ಅದರ ಕೆಳಗೇ ಇದ್ದ ರದ್ದತಿ ಪತ್ರದ ಸಾಲು ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಎರಡೂ ಸಾಲು ಓದಿದರು. ‘ಹಾಗಾದ್ರೆ ಇದು ಹೋಗೋದೇ ಇಲ್ವ?’

‘ಹೋಗೋದಿಲ್ಲ ಸಾರ್. ಎರಡೂ ಇರ್ತದೆ.’