ಓಮ್ನಿಯ ಹಿಂದಿನ ಬುಷ್ ಮನೆಯಲ್ಲೇ ಬದಲಿಸಿದ್ದು

ನಮ್ಮ ಮನೆ ಆಲ್ದೂರಿನ ಹತ್ತಿರ. ಟಾರ್ ರಸ್ತೆಗೆ ಬರಬೇಕಾದರೆ ತೋಟದ ಮಣ್ಣು ರಸ್ತೆಯೇ ಗತಿ. 2007ರ ಓಮ್ನಿ ನಮ್ಮದು. ಗೊಬ್ಬರದ ಮೂಟೆ, ಕಾಫಿ ಚೀಲ, ಮದುವೆಗೆ ಹೊರಟ ಹೆಂಗಸರು ಮಕ್ಕಳು ಎಲ್ಲಾ ಅದರಲ್ಲೇ. ಕಳೆದ ಮಳೆಗಾಲದಲ್ಲಿ ಹಿಂದಿನಿಂದ ಟೊಕ್ ಟೊಕ್ ಶಬ್ದ ಶುರುವಾಯಿತು. ಹಂಪ್ ಹತ್ತಿ ಇಳಿಯುವಾಗ ಜಾಸ್ತಿ. ಆಮೇಲೆ ತಿರುವಿನಲ್ಲಿ ಹಿಂಭಾಗ ಸ್ವಲ್ಪ ತಡವಾಗಿ ಹಿಂಬಾಲಿಸಿದ ಹಾಗೆ ಅನ್ನಿಸತೊಡಗಿತು. ಚಿಕ್ಕಮಗಳೂರಿಗೆ ಹೋಗುವ ದಾರಿಯಲ್ಲಿ ತಿರುವಿಗೇನು ಬರ ಇಲ್ಲವಲ್ಲ, ಭಯವಾಯಿತು.

ಕೇಳಿದವರೆಲ್ಲ ಶಾಕ್ ಅಬ್ಸಾರ್ಬರ್ ಹೋಗಿದೆ ಅಂದರು. ಹಿಂದಿನ ಬಂಪರ್ ಮೇಲೆ ಭಾರ ಹಾಕಿ ಕುಲುಕಿ ನೋಡಿದೆ. ಒಮ್ಮೆ ಎದ್ದು ನಿಂತುಬಿಟ್ಟಿತು, ತೂಗಾಡಲಿಲ್ಲ. ಶಾಕ್ ಚೆನ್ನಾಗಿದೆ. ಆಮೇಲೆ ಕೆಳಗೆ ಮಲಗಿ, ಲೀಫ್ ಸ್ಪ್ರಿಂಗಿನ (ಗಾಡಿಯ ಭಾರ ಹೊರುವ ಬಾಗಿದ ಉಕ್ಕಿನ ಪಟ್ಟಿಗಳು) ಹಿಂದಿನ ತುದಿಗೂ ಅದನ್ನು ಬಾಡಿಗೆ ಜೋಡಿಸುವ ಶ್ಯಾಕಲ್ ಪಟ್ಟಿಗೂ ನಡುವೆ ಟೈರ್ ಲಿವರ್ ಇಟ್ಟು ಮೀಟಿದೆ. ಅದೇ ಟೊಕ್. ಸಿಕ್ಕಿತು, ಅಲ್ಲಿನ ಬುಷ್, ಅಂದರೆ ಪಿನ್ನಿನ ಸುತ್ತ ಕೂರುವ ರಬ್ಬರ್ ಬಳೆ, ಹೋಗಿತ್ತು.

ಲೀಫ್ ಸ್ಪ್ರಿಂಗಿನ ಮುಂದಿನ ತುದಿ ಒಂದೇ ಜಾಗದಲ್ಲಿ ಕಟ್ಟಿರುತ್ತದೆ. ಭಾರ ಬಿದ್ದಾಗ ಸ್ಪ್ರಿಂಗ್ ಚಪ್ಪಟೆಯಾಗಿ ಉದ್ದವಾಗುತ್ತದೆ, ಆ ಉದ್ದಕ್ಕೆ ಜಾಗ ಕೊಡಲು ಹಿಂದಿನ ತುದಿಯಲ್ಲಿ ಶ್ಯಾಕಲ್ ಓಲಾಡುತ್ತದೆ. ಶ್ಯಾಕಲ್‌ಗೆ ಮೇಲೊಂದು ಕೆಳಗೊಂದು ಪಿನ್. ಪ್ರತಿ ಪಿನ್ನಿಗೂ ಎರಡು ಹೋಳಿನ ರಬ್ಬರ್ ಬುಷ್. ಒಂದು ಕಡೆಗೆ ನಾಲ್ಕು ಹೋಳು, ಎರಡೂ ಕಡೆಗೆ ಎಂಟು. ಓಮ್ನಿ ತಯಾರಿಕೆ 2019ರಲ್ಲೇ ನಿಂತಿದ್ದರೂ ಬುಷ್ ಈಗಲೂ ಸುಲಭವಾಗಿ ಸಿಗುತ್ತದೆ. ಇಬ್ಬರು ಹೋಟೆಲಿನಲ್ಲಿ ಊಟ ಮಾಡುವಷ್ಟು ದುಡ್ಡು ಸಾಕಾಯಿತು.

ನನ್ನನ್ನು ಕಾಡಿದ್ದು ಬೇರೆಯೇ ವಿಷಯ. ಇದೇ ಬುಷ್‌ಗಳನ್ನು ಒಂದು ವರ್ಷದ ಹಿಂದಷ್ಟೇ ಒಂದು ಗ್ಯಾರೇಜಿನಲ್ಲಿ ಹಾಕಿಸಿದ್ದೆ. ಅಷ್ಟು ಬೇಗ ಯಾಕೆ ಹೋದವು? ಅವತ್ತು ನಾನೂ ಪಕ್ಕದಲ್ಲೇ ನಿಂತಿದ್ದೆ. ಗಾಡಿಯನ್ನು ಮೇಲೆತ್ತಿ, ಚಕ್ರ ನೇತಾಡುತ್ತಿರುವಾಗಲೇ ನಟ್ ಪೂರ್ತಿ ಬಿಗಿ ಮಾಡಿ ಇಳಿಸಿದ್ದರು. ರಬ್ಬರ್ ಬುಷ್ ಬೇರಿಂಗ್ ತರಹ ಸುತ್ತುವುದಿಲ್ಲ. ಬಿಗಿ ಮಾಡಿದ ಮೇಲೆ ರಬ್ಬರ್ ಪಿನ್ನಿಗೆ ಕಚ್ಚಿಕೊಂಡು, ಬಟ್ಟೆ ಹಿಂಡಿದ ಹಾಗೆ ತಿರುಚಿಕೊಳ್ಳುತ್ತದೆ. ನೇತಾಡುವ ಸ್ಥಿತಿಯಲ್ಲಿ ಬಿಗಿ ಮಾಡಿ ನೆಲಕ್ಕೆ ಇಳಿಸಿದರೆ, ಗಾಡಿ ಸುಮ್ನೆ ನಿಂತಿರುವಾಗಲೂ ಅದು ತಿರುಚಿಕೊಂಡೇ ಇರುತ್ತದೆ. ಅದರ ಮೇಲೆ ಗುಂಡಿ ಬಂದರೆ ಇನ್ನಷ್ಟು. ಹರಿಯದೆ ಏನು ಮಾಡುತ್ತದೆ?

ಭಾನುವಾರ ಬೆಳಿಗ್ಗೆ ಕಾಫಿ ಒಣಗಿಸುವ ಸಿಮೆಂಟ್ ಕಣದ ಮೇಲೆ ಗಾಡಿ ನಿಲ್ಲಿಸಿದೆ. ಓಮ್ನಿಯಲ್ಲಿ ಎಂಜಿನ್ ತಿರುಗಿಸುವುದು ಹಿಂದಿನ ಚಕ್ರವನ್ನು, ಹ್ಯಾಂಡ್ ಬ್ರೇಕ್ ಹಿಡಿಯುವುದೂ ಹಿಂದಿನ ಚಕ್ರವನ್ನೇ. ಹಿಂಭಾಗ ಎತ್ತಿದ ಮೇಲೆ ಗೇರೂ ಇಲ್ಲ, ಹ್ಯಾಂಡ್ ಬ್ರೇಕೂ ಇಲ್ಲ. ಮುಂದಿನ ಎರಡೂ ಚಕ್ರಕ್ಕೆ ಹಿಂದೆ ಮುಂದೆ ಕಲ್ಲು ಕೊಡಲೇಬೇಕು. ಜಾಕಿಯನ್ನು ಮಾತ್ರ ನಂಬಿ ಕೆಳಗೆ ತಲೆ ಹಾಕಬೇಡಿ, ದಯವಿಟ್ಟು. ಬಾಡಿಯ ಗಟ್ಟಿ ಜಾಗಕ್ಕೆ ಎರಡು ಸ್ಟ್ಯಾಂಡ್ ಕೊಟ್ಟೆ. ಕಳಚಿದ ಚಕ್ರಗಳನ್ನೂ ಅಡಿಗೆ ತಳ್ಳಿದೆ.

ನಟ್‌ಗಳಿಗೆ ಹಿಂದಿನ ದಿನ ಸಂಜೆಯೇ ತುಕ್ಕು ಬಿಡಿಸುವ ಎಣ್ಣೆ ಹೊಡೆದಿದ್ದೆ. ಮಲೆನಾಡಿನ ಮಳೆ, ಕೆಂಪು ಮಣ್ಣು, ಸುಲಭಕ್ಕೆ ಬಿಡುತ್ತದೆಯೇ? ವೈರ್ ಬ್ರಷ್‌ನಲ್ಲಿ ನಟ್ ಕೂರುವ ಸುರುಳಿ ಎಳೆಗಳ ಮಣ್ಣು ತೆಗೆದು, ರಿಂಗ್ ಸ್ಪ್ಯಾನರಿಗೆ ಪೈಪ್ ತೂರಿಸಿದ ಮೇಲೆ ಬಿಟ್ಟವು. ಆಕ್ಸಲ್ (ಹಿಂದಿನ ಎರಡೂ ಚಕ್ರ ಜೋಡಿಸುವ ದಂಡ) ಕೆಳಗೆ ಇನ್ನೊಂದು ಜಾಕಿ ಇಟ್ಟು ಚೂರು ಚೂರೇ ಮೇಲೆ ಕೆಳಗೆ ಮಾಡುತ್ತಿದ್ದರೆ ಒಂದು ಹಂತದಲ್ಲಿ ಪಿನ್ನಿನ ಮೇಲೆ ಭಾರವೇ ಇರುವುದಿಲ್ಲ. ಆಗ ಶ್ಯಾಕಲ್ ಕೈಯಲ್ಲೇ ಈಚೆ ಬರುತ್ತದೆ. ಸುತ್ತಿಗೆ ಕೇಳಿದರೆ ಜಾಕಿಯ ಎತ್ತರ ತಪ್ಪಿದೆ ಎಂದೇ ಅರ್ಥ.

ಹಳೆಯ ಬುಷ್‌ಗಳನ್ನು ಅಂಗೈಯಲ್ಲಿಟ್ಟು ನೋಡಿದೆ. ರಂಧ್ರ ದುಂಡಗಿರಬೇಕಾದದ್ದು ಮೊಟ್ಟೆಯಾಕಾರವಾಗಿತ್ತು. ಒಂದು ಕಡೆ ರಬ್ಬರ್ ವೀಳ್ಯದೆಲೆಯಷ್ಟು ತೆಳು. ಸುತ್ತಲೂ ಓರೆಯಾಗಿ ಎದ್ದ ಬಿರುಕು, ಎಲ್ಲವೂ ಒಂದೇ ದಿಕ್ಕಿಗೆ. ತಿರುಚಿಕೊಂಡು ಹರಿದದ್ದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಎಡಗಡೆಯ ಕೆಳಗಿನ ಪಿನ್ ಮೇಲೆ ಉಗುರು ಎಳೆದರೆ ಸಿಕ್ಕಿಕೊಳ್ಳುತ್ತಿತ್ತು, ಕಬ್ಬಿಣವೇ ಸವೆದು ಮೆಟ್ಟಿಲಾಗಿತ್ತು. ಅಂಥ ಪಿನ್ನಿಗೆ ಹೊಸ ಬುಷ್ ಹಾಕಿದರೆ ದುಡ್ಡು ದಂಡ. ಆ ಕಡೆಯ ಶ್ಯಾಕಲ್ಲೇ ಹೊಸದು ತಂದೆ. ಅದಕ್ಕಾಗಿ ಬೈಕಿನಲ್ಲಿ ಚಿಕ್ಕಮಗಳೂರಿಗೆ ಹೋಗಿ ಬರಬೇಕಾಯಿತು, ಕೆಲಸ ಸೋಮವಾರಕ್ಕೆ ಬಿತ್ತು.

ಸ್ಪ್ರಿಂಗಿನ ಕಣ್ಣಿನ (ಬುಷ್ ಕೂರುವ ತುದಿಯ ರಂಧ್ರ) ಒಳಗೆ ಮರಳು ಕಾಗದ ಉಜ್ಜಿ, ಎಣ್ಣೆಯ ಪಸೆ ಪೂರ್ತಿ ಒರೆಸಿದೆ. ಹೊಸ ರಬ್ಬರಿಗೆ ಗ್ರೀಸ್, ಎಂಜಿನ್ ಆಯಿಲ್ ಮುಟ್ಟಿಸಬಾರದು, ಉಬ್ಬಿ ಮೆತ್ತಗಾಗುತ್ತದೆ. ಪಾತ್ರೆ ತೊಳೆಯುವ ಸೋಪಿನ ನೀರು ಸವರಿದೆ, ಹೆಬ್ಬೆರಳಲ್ಲಿ ಒತ್ತಿದರೆ ಸರ್ರನೆ ಕೂತವು. ಮುಂದಿನ ತುದಿಯ ಬುಷ್ ಮೀಟಿದರೂ ಅಲ್ಲಾಡಲಿಲ್ಲ, ಅದನ್ನು ಹಾಗೇ ಬಿಟ್ಟೆ.

ಸಹಾಯಕ್ಕೆ ಬಂದಿದ್ದ ಚಿಕ್ಕಪ್ಪ ಆಗಲೇ ಸ್ಪ್ಯಾನರ್ ಹಿಡಿದಿದ್ದರು.

“ಬೇಡಿ ಚಿಕ್ಕಪ್ಪ, ಈಗ್ಲೇ ಬಿಗಿ ಮಾಡ್ಬೇಡಿ.”

“ಸಡಿಲ ಬಿಟ್ರೆ ಬಿದ್ದೋಗಲ್ವೇನೋ?”

“ಕೈಯಲ್ಲಿ ತಿರುಗಿಸಿದಷ್ಟು ಇರ್ಲಿ. ಕೆಳಗಿಳಿಸಿದ ಮೇಲೆ ಬಿಗಿ ಮಾಡೋಣ.”

ನೆಲಕ್ಕೆ ಇಳಿಸಿದರೆ ಸ್ಪ್ಯಾನರ್ ತಿರುಗಿಸಲು ಜಾಗ ಸಾಲುವುದಿಲ್ಲ ಅಲ್ವಾ? ಅದಕ್ಕೆ ಸ್ಟ್ಯಾಂಡ್‌ಗಳನ್ನು ಬಾಡಿಯಿಂದ ತೆಗೆದು ಆಕ್ಸಲ್ ಕೆಳಗೆ, ಚಕ್ರ ಕೂರುವ ಜಾಗದ ಹತ್ತಿರಕ್ಕೆ ಇಟ್ಟೆ. ಆಗ ಗಾಡಿಯ ಭಾರವೆಲ್ಲ ಸ್ಪ್ರಿಂಗ್ ಮೇಲೆ, ಚಕ್ರದ ಮೇಲೆ ನಿಂತ ಹಾಗೇ. ಹಿಂದಿನಿಂದ ನಾಲ್ಕು ಸಲ ಕುಲುಕಿದೆವು. ಶ್ಯಾಕಲ್ ತನ್ನ ಜಾಗಕ್ಕೆ ಓರೆಯಾಗಿ ಬಂದು ನಿಂತಿತು. ಮೊದಲು ಇದ್ದದ್ದಕ್ಕಿಂತ ಎಷ್ಟು ಸರಿಯಿತು ಅಂತ ಕಣ್ಣಾರೆ ನೋಡಿದ ಮೇಲೆ ಚಿಕ್ಕಪ್ಪನಿಗೂ ವಿಷಯ ಹೊಳೆಯಿತು. “ಇಷ್ಟೂ ರಬ್ಬರ್ ಮೇಲೇ ಬೀಳ್ತಿತ್ತು ಅನ್ನು” ಅಂದರು. ಆಮೇಲೆ ನಾಲ್ಕೂ ನಟ್‌ಗಳನ್ನು ಸರದಿಯ ಮೇಲೆ ಟಾರ್ಕ್ ರೆಂಚ್‌ನಲ್ಲಿ (ಎಷ್ಟು ಬಿಗಿಯಾಯಿತು ಅಂತ ಅಳೆಯುವ ಸ್ಪ್ಯಾನರ್) ಬಿಗಿ ಮಾಡಿದೆವು.

ನೂರು ಕಿಲೋಮೀಟರ್ ಓಡಿಸಿ ಮತ್ತೆ ಕೆಳಗೆ ಮಲಗಿದೆ. ಬಲಗಡೆಯ ಕೆಳಗಿನ ನಟ್ ಮಾತ್ರ ಕಾಲು ಸುತ್ತು ತಿರುಗಿತು. ಈ ಮಳೆಗಾಲ ಮುಗಿದ ಕೂಡಲೇ ಟೈರ್ ಲಿವರ್ ಹಾಕಿ ಮೀಟಿದೆ. ಶಬ್ದ ಇಲ್ಲ, ಬಿರುಕೂ ಇಲ್ಲ.