ಮೊದಲು ಮೈಕೈ ನೋವು ಇಳಿಯಲಿ, ಆಮೇಲೆ ಎಚ್‌ಐವಿ ಮಾತ್ರೆ

ನಾನು ನರ್ಸ್. ಬಾಗಲಕೋಟೆ ಕಡೆ ಎಆರ್‌ಟಿ, ಅಂದರೆ ಎಚ್‌ಐವಿಗೆ ಮಾತ್ರೆ ಕೊಡುವ ಚಿಕಿತ್ಸೆಯ ಕೆಲಸ ಕಲಿತು, ಆಮೇಲೆ ಕೆಲವು ವರ್ಷ ಮಣಿಪುರದ ಇಂಫಾಲದಲ್ಲಿ ಒಂದು ಚಿಕ್ಕ ಕ್ಲಿನಿಕ್‌ನಲ್ಲಿದ್ದೆ. ನಮ್ಮ ಕಡೆ ಎಚ್‌ಐವಿ ಹೆಚ್ಚಾಗಿ ಹರಡಿದ್ದು ಲೈಂಗಿಕ ಸಂಪರ್ಕದಿಂದ. ಅಲ್ಲಿ ಶುರುವಾಗಿದ್ದೇ ಸಿರಿಂಜ್‌ನಿಂದ. ಮ್ಯಾನ್ಮಾರ್ ಗಡಿ ದಾಟಿ ಬರುತ್ತಿದ್ದ ಹೆರಾಯಿನ್‌ಗೆ ಅಲ್ಲಿನವರು 'ನಂಬರ್ ಫೋರ್' ಅನ್ನುತ್ತಾರೆ. 1990ರ ಹೊತ್ತಿಗಾಗಲೇ ಸಿರಿಂಜ್ ಹಂಚಿಕೊಂಡ ಹುಡುಗರಲ್ಲಿ ವೈರಸ್ ತುಂಬಾ ಹರಡಿತ್ತು. 2021ರ ಲೆಕ್ಕ ನೋಡಿದರೂ, ದೇಶದ ವಯಸ್ಕರಲ್ಲಿ ಎಚ್‌ಐವಿ ಇರುವವರು ಶೇ. 0.21. ಡ್ರಗ್ಸ್ ಚುಚ್ಚಿಕೊಳ್ಳುವವರಲ್ಲಿ ಸುಮಾರು ಶೇ. 9.

'ಅವರು ಮಾತ್ರೆ ಸರಿಯಾಗಿ ತಗೊಳ್ಳಲ್ಲ, ಕೊಟ್ಟು ಏನು ಪ್ರಯೋಜನ' ಅನ್ನುವ ಮಾತು ಆಸ್ಪತ್ರೆಗಳಲ್ಲಿ ತುಂಬಾ ಕೇಳಿದ್ದೇನೆ. ಎಆರ್‌ಟಿ 2004ರಿಂದ ಉಚಿತ. 2017ರಿಂದ ಸಿಡಿ4 (ರೋಗದ ವಿರುದ್ಧ ಹೋರಾಡುವ ರಕ್ತಕಣಗಳ ಲೆಕ್ಕ) ಎಷ್ಟೇ ಇರಲಿ, ಪಾಸಿಟಿವ್ ಅಂದ ಕೂಡಲೇ ಶುರು ಮಾಡಬಹುದು. ಆದರೂ ಜನ ಬಿಟ್ಟು ಹೋಗುತ್ತಿದ್ದರು. ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಹೆರಾಯಿನ್ ನಿಂತ ಎಂಟು ಹತ್ತು ಗಂಟೆಯಲ್ಲಿ ಮೈಕೈ ಮುರಿದಂತೆ ನೋವು, ಮೂಗು ಸೋರುವುದು, ಭೇದಿ, ನಡುಕ ಶುರುವಾಗುತ್ತದೆ. ಇದನ್ನೇ ವಿತ್‌ಡ್ರಾವಲ್ ಅನ್ನುತ್ತಾರೆ. ಆ ಸ್ಥಿತಿಯಲ್ಲಿ ಎದ್ದವರು ಎಆರ್‌ಟಿ ಕೇಂದ್ರದ ಸಾಲಿನಲ್ಲಿ ಅರ್ಧ ದಿನ ನಿಲ್ಲಬೇಕು ಅಂದರೆ ಹೇಗೆ ಸಾಧ್ಯ? 'ಮೊದಲು ಚಟ ಬಿಡು, ಆಮೇಲೆ ಬಾ' ಅನ್ನುವುದನ್ನು ನಾನು ಒಪ್ಪುವುದಿಲ್ಲ. ಚಟ ಬಿಡಲು ಕಾದವರು ಎಷ್ಟೋ ಸಲ ಟಿಬಿ ಬಂದು ತೀರಿಕೊಂಡಿದ್ದಾರೆ.

ನಾವು ಮಾಡಿದ್ದು ಸರಳ. ಬುಪ್ರೆನಾರ್ಫಿನ್ ಕೊಡುವ ಕಿಟಕಿಯಲ್ಲೇ ಎಚ್‌ಐವಿ ಮಾತ್ರೆಯನ್ನೂ ಇಟ್ಟೆವು. ಬುಪ್ರೆನಾರ್ಫಿನ್ ನಾಲಿಗೆ ಕೆಳಗೆ ಇಡುವ ಔಷಧ. ಹೆರಾಯಿನ್ ಹೋಗಿ ಕೂರುವ ಜಾಗದಲ್ಲೇ ಇದೂ ಕೂರುತ್ತದೆ, ಆದರೆ ಅಷ್ಟು ನಶೆ ತರುವುದಿಲ್ಲ. ನೋವು, ನಡುಕ ಇಳಿಯುತ್ತದೆ. ದಿನಕ್ಕೊಮ್ಮೆ ಸಾಕು. ಮೊದಲ ಡೋಸ್ ಮಾತ್ರ ಅವಸರದಲ್ಲಿ ಕೊಡಬಾರದು. ಮೈಯಲ್ಲಿ ಹೆರಾಯಿನ್ ಇನ್ನೂ ಇರುವಾಗ ಕೊಟ್ಟರೆ ಒಮ್ಮೆಲೇ ಜೋರಾಗಿ ವಿತ್‌ಡ್ರಾವಲ್ ಬರುತ್ತದೆ. ಹಾಗೆ ಆದವರು ಮತ್ತೆ ನಮ್ಮನ್ನು ನಂಬುವುದು ಕಷ್ಟ. ಕಣ್ಣಿನ ಪಾಪೆ ಹಿಗ್ಗಿದೆಯಾ, ಆಕಳಿಕೆ ಬರ್ತಿದೆಯಾ, ರೋಮ ಎದ್ದಿದೆಯಾ ನೋಡಿ, ಆಮೇಲೆ ಕೊಡುತ್ತಿದ್ದೆವು.

ಮಾತ್ರೆ ಪುಡಿ ಮಾಡಿ ನಾಲಿಗೆ ಕೆಳಗೆ ಹಾಕಿದರೆ ಕರಗಲು ಐದು ಹತ್ತು ನಿಮಿಷ ಬೇಕು. ಅಷ್ಟು ಹೊತ್ತು ಅವರು ನಮ್ಮೆದುರು ಕೂತಿರುತ್ತಾರೆ. ಮಾತಾಡುವಂತಿಲ್ಲ, ಆದರೆ ಕೇಳಬಹುದು. ಆ ಸಮಯದಲ್ಲೇ ಚುಚ್ಚಿದ ಗಾಯಕ್ಕೆ ಡ್ರೆಸ್ಸಿಂಗ್, ತೂಕ, ಕೆಮ್ಮಿನ ವಿಚಾರಣೆ ಎಲ್ಲ ಮುಗಿಸುತ್ತಿದ್ದೆವು. ಔಷಧ ಕರಗಿದ ಮೇಲೆ ಒಂದು ಲೋಟ ನೀರು, ಜೊತೆಗೆ ಎಆರ್‌ಟಿ ಮಾತ್ರೆ.

ಮುಂಚೆ ಇದು ಇಷ್ಟು ಸಲೀಸಾಗಿರಲಿಲ್ಲ. ಹಳೆಯ ಮಾತ್ರೆಯಲ್ಲಿ ಎಫಾವಿರೆಂಜ್ ಇತ್ತು. ಅದು ತಲೆ ತಿರುಗಿಸುತ್ತದೆ, ಕೆಟ್ಟ ಕನಸು ತರುತ್ತದೆ. ಅದಕ್ಕೇ ರಾತ್ರಿ ಮಲಗುವಾಗ ತಗೊಳ್ಳಬೇಕಿತ್ತು. ರಾತ್ರಿ ಅವರು ಎಲ್ಲಿ ಮಲಗುತ್ತಾರೋ, ಮಾತ್ರೆ ಡಬ್ಬಿ ಎಲ್ಲಿರುತ್ತದೋ! ಡೊಲುಟೆಗ್ರಾವಿರ್ ಇರುವ ಟಿಎಲ್‌ಡಿ ಅನ್ನುವ ಹೊಸ ಮಾತ್ರೆ ಬಂದ ಮೇಲೆ ಬೆಳಗ್ಗೆಯೇ, ಕಿಟಕಿಯ ಮುಂದೆಯೇ ನುಂಗಿಸಲು ಆಯಿತು. ಒಂದೆರಡು ದಿನ ತಪ್ಪಿದರೂ ವೈರಸ್ ಈ ಔಷಧಕ್ಕೆ ಜಗ್ಗದಂತೆ ಬೇಗ ಬದಲಾಗುವುದಿಲ್ಲ. ನಮ್ಮ ಜನರಿಗೆ ಇದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿಲ್ಲ ಅಂತ ನನಗನ್ನಿಸುತ್ತದೆ.

ಒಂದು ವಿಷಯದಲ್ಲಿ ಮಾತ್ರ ನಾವು ಗಟ್ಟಿಯಾಗಿದ್ದೆವು. ಎಚ್‌ಐವಿ ಮಾತ್ರೆ ಬೇಡ ಅಂದವರಿಗೂ ಬುಪ್ರೆನಾರ್ಫಿನ್ ನಿಲ್ಲಿಸುತ್ತಿರಲಿಲ್ಲ. ಹೊಸ ಸಿರಿಂಜ್ ಕೇಳಿದರೆ ಅದನ್ನೂ ಕೊಡುತ್ತಿದ್ದೆವು. ಒಂದನ್ನು ಹಿಡಿದಿಟ್ಟು ಇನ್ನೊಂದನ್ನು ನುಂಗಿಸಿದರೆ ಅವರು ನಮಗೆ ಹೆದರುತ್ತಾರೆ, ಆಮೇಲೆ ಬರುವುದನ್ನೇ ಬಿಡುತ್ತಾರೆ. ಬೇಡ ಅಂದವರಲ್ಲಿ ಹೆಚ್ಚಿನವರು ನಿದ್ದೆ ಊಟ ಸರಿಯಾದ ಮೇಲೆ ತಾವಾಗಿಯೇ ಕೇಳುತ್ತಿದ್ದರು.

ಟಿಬಿ ಬಂದವರಲ್ಲಿ ಮೈಯೆಲ್ಲ ಕಣ್ಣಾಗಿರಬೇಕು. ಟಿಬಿಯ ಔಷಧ ರಿಫಾಂಪಿಸಿನ್ ಶುರುವಾದರೆ ರಕ್ತದಲ್ಲಿ ಡೊಲುಟೆಗ್ರಾವಿರ್ ಇಳಿಯುತ್ತದೆ. ಹಾಗಾಗಿ ಹನ್ನೆರಡು ಗಂಟೆ ಬಿಟ್ಟು ಇನ್ನೊಂದು 50 ಮಿಲಿಗ್ರಾಂ ಬೇಕು. ಬುಪ್ರೆನಾರ್ಫಿನ್ ಕೂಡ ಇಳಿಯುತ್ತದೆ. ಇದನ್ನು ಎಷ್ಟೋ ಜನ ಗಮನಿಸುವುದಿಲ್ಲ. ರೋಗಿ 'ಡೋಸ್ ಸಾಲ್ತಿಲ್ಲ' ಅಂದರೆ ಸುಮ್ನೆ ಜಾಸ್ತಿ ಕೇಳ್ತಿದ್ದಾನೆ ಅಂದುಕೊಳ್ಳುತ್ತಾರೆ. ನಿಜವಾಗಿ ಅವನಿಗೆ ವಿತ್‌ಡ್ರಾವಲ್ ಶುರುವಾಗಿರುತ್ತದೆ. ಡಾಕ್ಟರಿಗೆ ಹೇಳಿ ಡೋಸ್ ಏರಿಸದಿದ್ದರೆ ಅವನು ಸಿರಿಂಜ್‌ಗೇ ಮರಳುತ್ತಾನೆ, ಮೂರೂ ಚಿಕಿತ್ಸೆ ಒಟ್ಟಿಗೆ ನಿಲ್ಲುತ್ತದೆ.

ಆರನೇ ತಿಂಗಳು ವೈರಲ್ ಲೋಡ್, ಅಂದರೆ ರಕ್ತದಲ್ಲಿ ವೈರಸ್ ಎಷ್ಟಿದೆ ಅಂತ ನೋಡಲು ರಕ್ತ ತೆಗೆಯುವುದು ಇನ್ನೊಂದು ಕಷ್ಟ. ವರ್ಷಗಟ್ಟಲೆ ಚುಚ್ಚಿದ ಕೈಯಲ್ಲಿ ನರ ಸಿಗುವುದಿಲ್ಲ. ಕಂಡಕಂಡಲ್ಲಿ ಚುಚ್ಚಿದರೆ ನೋವು, ಅವಮಾನ ಎರಡೂ. ನಾನು ನೇರವಾಗಿ 'ಯಾವುದು ಸಿಗುತ್ತೆ, ನೀವೇ ತೋರಿಸಿ' ಅನ್ನುತ್ತಿದ್ದೆ. ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿರುತ್ತೆ ಅಲ್ವಾ? ಕೈ ಬೆಚ್ಚಗೆ ಮಾಡಿ, ತೆಳು ಸೂಜಿ ಹಾಕಿ ನಿಧಾನವಾಗಿ ತೆಗೆಯುತ್ತಿದ್ದೆ. ಅದೇ ರಕ್ತದಲ್ಲಿ ಹೆಪಟೈಟಿಸ್ ಸಿ (ಸಿರಿಂಜ್ ಹಂಚಿಕೊಂಡರೆ ಹರಡುವ ಲಿವರ್ ಸೋಂಕು) ಕೂಡ ನೋಡಿಸುತ್ತಿದ್ದೆವು. ಸರ್ಕಾರ 2018ರಲ್ಲಿ ಶುರು ಮಾಡಿದ ಕಾರ್ಯಕ್ರಮದಲ್ಲಿ ಅದಕ್ಕೂ ಉಚಿತ ಮಾತ್ರೆ ಇದೆ. ಹೆಚ್ಚಿನವರಿಗೆ 12 ವಾರದಲ್ಲಿ ಮುಗಿಯುತ್ತದೆ, ವಾಸಿಯೂ ಆಗುತ್ತದೆ. ವೈರಲ್ ಲೋಡ್ ಕಡಿಮೆ ಬಂದ ಚೀಟಿಯನ್ನು ಕೆಲವರು ಅಮ್ಮನಿಗೆ ತೋರಿಸಲು ಕೇಳಿ ಪಡೆಯುತ್ತಿದ್ದರು.

ಮಣಿಪುರದಲ್ಲಿ ಬಂದ್, ರಸ್ತೆ ತಡೆ ಜಾಸ್ತಿ. ದಿನಾ ಬಂದು ತಗೊಳ್ಳುವ ಔಷಧಕ್ಕೆ ಇದು ದೊಡ್ಡ ಪೆಟ್ಟು. 2020ರ ಲಾಕ್‌ಡೌನ್‌ನಲ್ಲಿ ಬುಪ್ರೆನಾರ್ಫಿನ್ ಮನೆಗೆ ಕೊಡಲು ಅವಕಾಶ ಸಿಕ್ಕಿತು. ಮಾರಿಕೊಳ್ಳುತ್ತಾರೆ ಅಂತ ಹೆದರಿದವರಿದ್ದರು. ಸ್ಥಿರವಾಗಿದ್ದವರಿಗೆ, ಮನೆಯಲ್ಲಿ ಒಬ್ಬರನ್ನು ಜೊತೆ ಮಾಡಿ ಕೊಟ್ಟೆವು. ಮೊದಲು ತಾವೂ ಚುಚ್ಚಿಕೊಳ್ಳುತ್ತಿದ್ದು ಈಗ ನಮ್ಮ ಜೊತೆ ಕೆಲಸ ಮಾಡುವ ಪಿಯರ್‌ಗಳು ಸೈಕಲ್‌ನಲ್ಲಿ ಮನೆಮನೆಗೆ ಹೋಗಿ ನೋಡಿಕೊಂಡು ಬರುತ್ತಿದ್ದರು.

ಜೈಲಿಗೆ ಹೋದವರ ಚಿಕಿತ್ಸೆ ಎಲ್ಲಕ್ಕಿಂತ ಸುಲಭವಾಗಿ ಕಡಿದುಹೋಗುತ್ತದೆ. ಈ ಕೆಲಸ ಶುರು ಮಾಡುವವರು ಪ್ರತಿಯೊಬ್ಬರ ಎಆರ್‌ಟಿ ನಂಬರ್, ಡೋಸ್, ಕೊನೆಯ ವೈರಲ್ ಲೋಡ್ ಬರೆದ ಚೀಟಿಯ ಒಂದು ಪ್ರತಿಯನ್ನು, ಅವರು ಒಪ್ಪಿದರೆ, ಅವರ ಮನೆಯಲ್ಲೂ ಇಡಿಸಿ. ಪೊಲೀಸರು ಅವರನ್ನು ಹಿಡಿದುಕೊಂಡು ಹೋದ ದಿನವೇ ಆ ಚೀಟಿಯನ್ನು ಜೈಲಿನ ಡಾಕ್ಟರ್ ಕೈಗೆ ತಲುಪಿಸಲು ಯಾರಾದರೂ ಇರಬೇಕು.