ನೆರಳಿಗೂ ಬೋರರ್‌ಗೂ ನಂಟಿದೆಯಾ? ಇಸ್ಪೀಟ್ ಎಲೆಯಲ್ಲಿ ಕೈ ಸ್ಕ್ವೇರ್ ಮಾಡಿದ ನನ್ನ ಅನುಭವ

ಸರ್ವೆ ಕೆಲಸ ಮಾಡುವವರಿಗೆ ಹೊಸದಾಗಿ ಹೇಳುವುದೇನೂ ಇಲ್ಲ. ಎರಡು ಪ್ರಶ್ನೆಗಳ ಉತ್ತರ ತಗೋ, ಅಡ್ಡ ಉದ್ದ ಟೇಬಲ್ ಹಾಕು, ಕೈ ಸ್ಕ್ವೇರ್ (ನಂಟಿಲ್ಲದಿದ್ದರೆ ಬರಬೇಕಾದ ಎಣಿಕೆಯಿಂದ ನಿಜವಾದ ಎಣಿಕೆ ಎಷ್ಟು ದೂರ ಅನ್ನುವ ಅಳತೆ) ನೋಡು, ಪಿ ಬೆಲೆ (ನಂಟೇ ಇಲ್ಲದೆ ಬರೀ ಅದೃಷ್ಟದಿಂದ ಅಷ್ಟು ಅಂತರ ಬರುವ ಸಾಧ್ಯತೆ) 0.05ಕ್ಕಿಂತ ಕೆಳಗಿದ್ದರೆ ನಂಟಿದೆ ಅಂತ ಬರೆ. ಹಾಸನದಲ್ಲಿ ಕೂತು ನಾನೂ ವರ್ಷಗಟ್ಟಲೆ ಇದನ್ನೇ ಮಾಡುತ್ತಿದ್ದೇನೆ. ಆದರೆ ಕಾಫಿ ತೋಟದ ಒಂದು ಸರ್ವೆಯಲ್ಲಿ ಈ ದಾರಿ ತೋಟಕ್ಕೇ ಕೊಡಲಿ ಹಾಕುವಂಥ ಉತ್ತರ ಕೊಟ್ಟಿತು. ಕೊನೆಗೆ ಕೈಹಿಡಿದದ್ದು ಇಸ್ಪೀಟ್ ಎಲೆ ಮತ್ತು ಪುಕ್ಕಟೆ ಸಿಗುವ ಲಿಬ್ರೆ ಆಫೀಸ್ ಸ್ಪ್ರೆಡ್‌ಶೀಟ್. 'ಇಸ್ಪೀಟ್ ಆಡಿಸಿ ರಿಪೋರ್ಟ್ ಕೊಡ್ತೀಯಾ?' ಅಂತ ನಕ್ಕವರೇ ಈಗ ಶೀಟ್ ಕಳಿಸು ಅಂತ ಫೋನ್ ಮಾಡುತ್ತಿದ್ದಾರೆ.

ಕೆಲಸ ಕೊಟ್ಟದ್ದು ಸಣ್ಣ ಬೆಳೆಗಾರರ ಒಂದು ಗುಂಪು. ಮೂಡಿಗೆರೆ, ಸಕಲೇಶಪುರ, ಬೇಲೂರಿನ ಮಲೆನಾಡು ಭಾಗ ಸೇರಿ ಸುಮಾರು 400 ತೋಟ. ನೆರಳು ತೆಳುವಾದ ಕಡೆ ಬಿಳಿ ಕಾಂಡಕೊರಕ (ಕಾಫಿ ಗಿಡದ ಕಾಂಡ ಕೊರೆಯುವ ದುಂಬಿಯ ಮರಿಹುಳು, ನಾನಿಲ್ಲಿ ಬೋರರ್ ಅನ್ನುವುದು ಇದನ್ನೇ) ಜಾಸ್ತಿ ಅಂತ ಹಳಬರು ಹೇಳುತ್ತಾರೆ. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದವರು ಹೇಳುವುದೂ ಅದನ್ನೇ. ಬಿಸಿಲು ಬಿದ್ದ ಕಾಂಡದ ತೊಗಟೆ ಸಂದಿಯಲ್ಲಿ ದುಂಬಿ ಮೊಟ್ಟೆ ಇಡುತ್ತದೆ. ಆದರೆ ಗುಂಪಿನ ಕೆಲವರು ಸಿಲ್ವರ್ ಓಕ್ ಬಿಟ್ಟು ಉಳಿದ ಮರಗಳನ್ನೆಲ್ಲ ಬೋಳಿಸಿದ್ದರು. 'ನಮಗೇನೂ ಬೋರರ್ ಬಂದಿಲ್ವಲ್ಲ' ಅನ್ನುವುದು ಅವರ ವಾದ. ಎರಡು ಕಡೆಯವರೂ ಸೇರಿ ಲೆಕ್ಕ ಹಾಕಿ ಹೇಳಪ್ಪಾ ಅಂದರು.

ಪ್ರಶ್ನೆ ಕೇಳುವುದರಲ್ಲೇ ಒಂದು ಎಡವಟ್ಟಿದೆ. 'ಬೋರರ್ ಇದೆಯಾ' ಅಂದರೆ ಎಲ್ಲರೂ ಇದೆ ಅಂತಾರೆ. ಹಣ್ಣು ಕೊರೆಯುವುದೂ ಬೋರರ್, ರೊಬಸ್ಟಾ ಜಾತಿಯ ಕಾಫಿಯ ರೆಂಬೆಯಲ್ಲಿ ಸೂಜಿ ತೂತು ಮಾಡುವುದೂ ಬೋರರ್. ಅದಕ್ಕೆ ನಮ್ಮ ಹುಡುಗರ ಚೀಲದಲ್ಲಿ ಉದ್ದಕ್ಕೆ ಸೀಳಿದ ಒಂದು ಗಿಡದ ಕಾಂಡ ಇಟ್ಟುಕೊಟ್ಟೆ. ಒಳಗೆ ಸುರಂಗ, ಅದರ ತುಂಬ ಒತ್ತಿ ತುಂಬಿದ ಮರದ ಹುಡಿ. ಅದನ್ನು ತೋರಿಸಿ 'ಹೋದ ವರ್ಷ ಇಂಥ ಗಿಡ ಕಿತ್ತಿದ್ದೀರಾ?' ಅಂತ ಕೇಳಿಸಿದೆ. ನೆರಳಿನ ಪ್ರಶ್ನೆಯನ್ನು ಕೇಳಿಸಲೇ ಇಲ್ಲ, ಅಳೆದೆವು. ಹೇಗೆ ಅಂತ ಇಲ್ಲಿ ಬರೆಯುವುದಿಲ್ಲ. ನನ್ನ ಹೊಟ್ಟೆಪಾಡೂ ನಡೀಬೇಕಲ್ವಾ.

ಖರ್ಚು ಲಕ್ಷದ ಹತ್ತಿರ ಬಂತು. ಫಾರಂಗೆ 150 ರೂಪಾಯಿಯಂತೆ ಹುಡುಗರಿಗೇ 60 ಸಾವಿರ, ಜೀಪು ಪೆಟ್ರೋಲಿಗೆ 25ರಷ್ಟು. ಕಾಫಿ ಕುಯ್ಲಿನ ದಿನಗಳಲ್ಲಿ ಹೋದರೆ ಯಾರೂ ಮಾತಿಗೆ ಸಿಗುವುದಿಲ್ಲ, ಮಳೆಗಾಲದಲ್ಲಿ ಹೋದರೆ ಜಿಗಣೆ. ಹಾಗಾಗಿ ಸಿಗುವ ಕಾಲ ಸ್ವಲ್ಪವೇ, ಆಗ ಜೀಪಿನವರು ಕೇಳಿದ್ದೇ ರೇಟು. ಅಷ್ಟೆಲ್ಲ ಆದ ಮೇಲೆ, ಅಂಕಿಅಂಶದ ಸಾಫ್ಟ್‌ವೇರ್ ಪ್ಯಾಕೇಜಿನಲ್ಲಿ ಮಾಡಿಸಿದ್ದಲ್ಲದೆ ಒಪ್ಪುವುದಿಲ್ಲ ಅಂತ ಗುಂಪಿನವರ ಹಟ. ಡೇಟಾ ಕೆಲಸ ಮಾಡಿಕೊಡುವ ಒಬ್ಬರಿಗೆ 12 ಸಾವಿರ ಕೊಟ್ಟರು. ಬಂದದ್ದು ಬಣ್ಣಬಣ್ಣದ ಪುಟಗಳು. ಅದರ ಸಾರ ಇಷ್ಟು: ನೆರಳಿಗೂ ಬೋರರ್‌ಗೂ ಭಾರೀ ನಂಟಿದೆ, ಕೈ ಸ್ಕ್ವೇರ್ 130, ದಟ್ಟ ನೆರಳಿದ್ದ ಕಡೆಯೇ ಬೋರರ್ ಜಾಸ್ತಿ. ಅಂದರೆ ಮರ ಕಡಿಯಿರಿ!

130 ಅಂತ ನೋಡಿದ ತಕ್ಷಣ ನನಗೆ ಅನುಮಾನ. 400 ಫಾರಂಗೆ ಅಷ್ಟು ಬರಬೇಕಾದರೆ ನಂಟು ಬರಿಗಣ್ಣಿಗೇ ಕಾಣಬೇಕು. ನೋಡಿದರೆ ಒಂದೊಂದು ಫಾರಂ 50 ಬೆಳೆಗಾರರ ಪರವಾಗಿದೆ ಅಂತ 50ರ ತೂಕ ಕೊಟ್ಟಿದ್ದರು. ಪ್ಯಾಕೇಜು ಅದನ್ನು ಎಣಿಕೆ ಅಂತಲೇ ತಿಳಿದು 20,000 ಜನರನ್ನು ಮಾತಾಡಿಸಿದ ಹಾಗೆ ಲೆಕ್ಕ ಹಾಕಿತ್ತು. ಕೈ ಸ್ಕ್ವೇರ್‌ನ ಗುಣವೇ ಅದು. ಶೇಕಡಾವಾರು ಹಾಗೇ ಇದ್ದು ಎಣಿಕೆ ಮಾತ್ರ 50 ಪಟ್ಟಾದರೆ ಕೈ ಸ್ಕ್ವೇರ್ ಕೂಡ 50 ಪಟ್ಟಾಗುತ್ತದೆ. ತೂಕ ತೆಗೆದು ಹಾಕಿದೆ. 2.6 ಬಂತು. ಎರಡಕ್ಕೆರಡು ಟೇಬಲ್‌ಗೆ ಪಿ ಬೆಲೆ 0.05ರ ಒಳಗೆ ಬರಲು ಬೇಕಾದದ್ದು 3.84. ಅಲ್ಲಿಗೆ ಭಾರೀ ನಂಟು ಠುಸ್.

ಆದರೂ ದಟ್ಟ ನೆರಳಲ್ಲಿ ನೂರಕ್ಕೆ 27 ತೋಟಕ್ಕೆ ಬೋರರ್, ತೆಳು ನೆರಳಲ್ಲಿ 20ಕ್ಕೆ ಅಂತ ಉಲ್ಟಾ ಯಾಕೆ ಕಾಣುತ್ತಿದೆ? ಕಾಫಿ ನಾಡಿನವರಿಗೆ ಇದು ಹೊಳೆಯಲೇಬೇಕು. ರೊಬಸ್ಟಾಕ್ಕೆ ಬಿಳಿ ಕಾಂಡಕೊರಕ ಸಾಮಾನ್ಯವಾಗಿ ಬರುವುದಿಲ್ಲ, ಅದಕ್ಕೆ ನೆರಳೂ ಕಡಿಮೆ ಸಾಕು. ಅರೇಬಿಕಾಕ್ಕೆ ನೆರಳು ಜಾಸ್ತಿ ಬೇಕು, ಬೋರರ್ ಹಿಡಿಯುವುದೂ ಅದನ್ನೇ. ಎರಡನ್ನೂ ಒಂದೇ ಟೇಬಲ್‌ಗೆ ಸುರಿದರೆ ತೆಳು ನೆರಳಿನ ಸಾಲಿನಲ್ಲಿ ರೊಬಸ್ಟಾದವರೇ ತುಂಬಿಕೊಳ್ಳುತ್ತಾರೆ. ನಮ್ಮ ತೆಳು ನೆರಳಿನ 210 ತೋಟದಲ್ಲಿ 150 ರೊಬಸ್ಟಾ! ಬರೀ ಅರೇಬಿಕಾದ 200 ತೋಟ ಬೇರೆ ಮಾಡಿದೆ. ತೆಳು ನೆರಳಿನ 60ರಲ್ಲಿ 36ಕ್ಕೆ ಬೋರರ್. ದಟ್ಟ ನೆರಳಿನ 140ರಲ್ಲಿ 49ಕ್ಕೆ. ನೂರಕ್ಕೆ 60, ನೂರಕ್ಕೆ 35. ಕೈ ಸ್ಕ್ವೇರ್ 10.7. ಅದೇ ಫಾರಂಗಳು, ಉತ್ತರ ತಲೆಕೆಳಗು. ಹಳಬರು ಗೆದ್ದರು.

ನೆರಳಿಗೆ ಮೊದಲು ನಾಲ್ಕು ದರ್ಜೆ, ಬೋರರ್‌ಗೆ ಮೂರು ದರ್ಜೆ ಇಟ್ಟಿದ್ದೆವು. ಟೇಬಲ್ಲಿನಲ್ಲಿ ಹನ್ನೆರಡು ಸೆಲ್ (ಮನೆ). ಬೇಲೂರು ಕಡೆ ಒಂದೊಂದರಲ್ಲಿ ನಿರೀಕ್ಷಿತ ಸಂಖ್ಯೆ, ಅಂದರೆ ನಂಟಿಲ್ಲದಿದ್ದರೆ ಬರಬೇಕಾದ ಎಣಿಕೆ, ಎರಡೂ ಬರುತ್ತಿರಲಿಲ್ಲ. ಐದಕ್ಕಿಂತ ಕಡಿಮೆಯ ಸೆಲ್‌ಗಳು ಐದರಲ್ಲಿ ಒಂದು ಪಾಲು ದಾಟಬಾರದು ಅಂತ ಸಂಖ್ಯಾಶಾಸ್ತ್ರಜ್ಞ ಕಾಕ್ರನ್ 1954ರಲ್ಲೇ ಹೇಳಿದ್ದಾರೆ. ಸೇರಿಸಿ ಎರಡೆರಡು ಮಾಡಿದ್ದೆವು. ಆದರೆ ಯಾವುದನ್ನು ಯಾವುದಕ್ಕೆ ಸೇರಿಸುವುದು ಅಂತ ಫಾರಂ ಬಿಚ್ಚುವ ಮೊದಲೇ ಬರೆದು ಗುಂಪಿನ ಕಾರ್ಯದರ್ಶಿ ಕೈಗೆ ಕೊಟ್ಟಿದ್ದೆ. ಆಮೇಲೆ ಸೇರಿಸಿದರೆ ಬೇಕಾದ ಉತ್ತರ ಬರುವ ಹಾಗೆ ಸೇರಿಸಿದ ಅಂತಾರೆ. ಈ ಚೀಟಿಯೇ ಕೊನೆಗೆ ನನ್ನನ್ನು ಉಳಿಸಿದ್ದು.

ಇನ್ನೊಂದು ತಕರಾರು ಉಳಿದಿತ್ತು, ಅದು ನ್ಯಾಯವಾದದ್ದೇ. ಒಂದು ಊರಿನ ತೋಟಗಳು ಒಂದೇ ಥರ ಇರುತ್ತವೆ. ಪಕ್ಕದ ತೋಟದ ದುಂಬಿಯೇ ನಮ್ಮ ತೋಟಕ್ಕೂ ಹಾರಿ ಬರುತ್ತದೆ. ಪಕ್ಕದವನು ಮರಗಸಿ (ನೆರಳು ಮರದ ರೆಂಬೆ ಸವರುವುದು) ಮಾಡಿಸಿದ ತಂಡವೇ ನಮ್ಮಲ್ಲೂ ಮಾಡುತ್ತದೆ. ಹಾಗಿರುವಾಗ 200 ತೋಟ ಅಂದರೆ 200 ಬಿಡಿ ಸಾಕ್ಷಿ ಅಲ್ಲ. ಕಾಲೇಜಿನಲ್ಲಿ ಪಾಠ ಹೇಳುವ ಪರಿಚಯದವರೊಬ್ಬರು ರಾವ್-ಸ್ಕಾಟ್ ತಿದ್ದುಪಡಿ (ಒಂದೇ ಊರಿನ ಉತ್ತರಗಳು ಒಂದೇ ಥರ ಇರುವುದನ್ನು ಹಿಡಿದು ಕೈ ಸ್ಕ್ವೇರ್ ಸರಿಪಡಿಸುವ ಲೆಕ್ಕ) ಮಾಡಬೇಕು, ನಿನ್ನ ಕೈಲಾಗಲ್ಲ ಅಂದರು. ಸರಿ, ಬೇರೆ ದಾರಿ ಹಿಡಿದೆ. ನೆರಳಿಗೂ ಬೋರರ್‌ಗೂ ನಂಟೇ ಇಲ್ಲದಿದ್ದರೆ, ಒಂದು ಊರಿನೊಳಗೆ ಬೋರರ್ ಉತ್ತರಗಳನ್ನು ಯಾರಿಗೆ ಬೇಕಾದರೂ ಹಂಚಬಹುದು, ಟೇಬಲ್ ಹೆಚ್ಚುಕಡಿಮೆ ಹಾಗೇ ಇರಬೇಕು. ಊರೊಳಗೇ ಕಲೆಸಿ ನೋಡೋಣ. 'ಇದು ಯಾವ ಸೀಮೆ ಲೆಕ್ಕ?' ಅಂದರು. ಸಂಖ್ಯಾಶಾಸ್ತ್ರಜ್ಞ ಫಿಶರ್ ಸೀಮೆಯದು ಅಂದೆ. ಎಂಟು ಕಪ್ ಟೀ ಇಟ್ಟು, ಯಾವ ನಾಲ್ಕಕ್ಕೆ ಹಾಲು ಮೊದಲು ಹಾಕಿದ್ದು ಅಂತ ಹೆಂಗಸೊಬ್ಬರಿಗೆ ಕೇಳಿದ ಲೆಕ್ಕ ಇದೇ ಜಾತಿಯದು. ಸುಮ್ನೆ ಊಹಿಸಿ ಎಲ್ಲ ಸರಿ ಹೇಳುವುದು 70ಕ್ಕೆ ಒಂದು ಸಲ.

ಗುಂಪಿನವರಿಗೆ ಮಾತಲ್ಲಿ ಹೇಳಿದರೆ ತಲೆಗೆ ಹೋಗಲಿಲ್ಲ. ಹಾನುಬಾಳು ಕಡೆಯ 40 ಅರೇಬಿಕಾ ತೋಟ ತಗೊಂಡೆ. ತೆಳು ನೆರಳಿನವು 20, ದಟ್ಟ ನೆರಳಿನವು 20. ಬೋರರ್ ಇದ್ದದ್ದು ಒಟ್ಟು 20, ಅದರಲ್ಲಿ 14 ತೆಳು ನೆರಳಲ್ಲಿ. ಒಂದು ಪ್ಯಾಕಿನಿಂದ ಕೆಂಪು 20, ಕಪ್ಪು 20 ಎಲೆ ತೆಗೆದು 'ಗೌಡ್ರೇ, ಕೆಂಪು ಅಂದ್ರೆ ಬೋರರ್. ಚೆನ್ನಾಗಿ ಕಲೆಸಿ ಎರಡು ಗುಡ್ಡೆ ಹಂಚಿ' ಅಂದೆ. ಮೊದಲ ಗುಡ್ಡೆಯಲ್ಲಿ ಕೆಂಪು 11. ಮತ್ತೆ ಕಲೆಸಿದರು, 9. ಮತ್ತೆ 10, 12, 10. ರಮ್ಮಿ ಆಡುವ ಕೈಗಳು, ಎಲೆ ಹಂಚುವುದನ್ನು ಯಾರೂ ಕಲಿಸಬೇಕಿರಲಿಲ್ಲ. ಪಕ್ಕದ ಮೇಜಿಗೂ ಒಂದು ಪ್ಯಾಕ್ ಹೋಯಿತು. ಕಾಫಿ ಬಂತು, ಆರಿತು, ಯಾರೂ ಕುಡಿಯಲಿಲ್ಲ. ತುಂಬಾ ಹೊತ್ತಿನ ಮೇಲೆ ಒಂದು ಕಡೆ 14 ಬಿದ್ದಾಗ ಜೋರಾಗಿ ಕೂಗಿದರು. ಲೆಕ್ಕದ ಪ್ರಕಾರ 14-6 ಅಥವಾ ಅದಕ್ಕಿಂತ ವಾಲಿದ ಹಂಚಿಕೆ, ಯಾವ ಕಡೆಗಾದರೂ ಸರಿ, ಸುಮಾರು 40 ಸಲಕ್ಕೆ ಒಂದು ಸಲ ಬರಬೇಕು. ಮರ ಬೋಳಿಸಿದ್ದ ಹಿರಿಯರೊಬ್ಬರು ಎಲೆ ಕೆಳಗಿಟ್ಟು 'ಹಂಗಾದ್ರೆ ನಮ್ ತೋಟದಲ್ಲಿ ಅದೃಷ್ಟ ಅಷ್ಟೇ ಅಂತೀಯಾ?' ಅಂದರು. ನಿಮ್ಮದು ರೊಬಸ್ಟಾ ಅಂದೆ. ಎಲ್ಲರೂ ನಕ್ಕರು, ಅವರೂ ನಕ್ಕರು. ಎರಡು ಪ್ಯಾಕಿಗೆ ನನ್ನ ಖರ್ಚು ನೂರಿಪ್ಪತ್ತರ ಆಸುಪಾಸು.

ಇಡೀ 200ಕ್ಕೆ ಕೈಯಲ್ಲಿ ಆಗುವ ಮಾತಲ್ಲ. ಶೀಟಿನಲ್ಲಿ ಊರಿನ ಕಾಲಂ, ಪಕ್ಕದಲ್ಲಿ ರ್‍ಯಾಂಡ್ ಕಾಲಂ (ಮನಬಂದಂತೆ ಅಂಕಿ ಬೀಳುವ ಸಾಲು) ಇಟ್ಟು, ಮೊದಲು ಊರು ಆಮೇಲೆ ರ್‍ಯಾಂಡ್ ಪ್ರಕಾರ ಸಾರ್ಟ್ ಮಾಡಿದರೆ ಬೋರರ್ ಉತ್ತರ ಊರೊಳಗೇ ಕಲೆಯುತ್ತದೆ. ನೆರಳಿನ ಕಾಲಂ ಮುಟ್ಟಬಾರದು. ಪ್ರತಿ ಸಲವೂ 'ತೆಳು ನೆರಳು, ಬೋರರ್ ಇದೆ' ಸೆಲ್ ಎಣಿಸಿ ಬರೆದುಕೊಳ್ಳಬೇಕು. ಹಳೇ ಲ್ಯಾಪ್‌ಟಾಪಿನಲ್ಲಿ ಮ್ಯಾಕ್ರೋ (ಅದೇ ಕೆಲಸ ತಾನೇ ಮಾಡುತ್ತಾ ಹೋಗುವ ಸಣ್ಣ ಪ್ರೋಗ್ರಾಂ) ಬಿಟ್ಟು 5,000 ಸಲ ಕಲೆಸಿದೆ. ಮೊದಮೊದಲು ರಾತ್ರಿಯಿಡೀ ಓಡುತ್ತಿತ್ತು, ಒಂದು ಉಪಾಯ ಮಾಡಿದ ಮೇಲೆ ಊಟ ಮುಗಿಯುವುದರೊಳಗೆ ಮುಗಿಯಿತು. ಆ ಉಪಾಯವೂ ನನ್ನ ಹತ್ತಿರವೇ ಇರಲಿ. ಕಲೆಸಿದಾಗ ಆ ಸೆಲ್‌ಗೆ ಸಾಮಾನ್ಯವಾಗಿ 27, 28 ಬರುತ್ತಿತ್ತು. ನಿಜದಲ್ಲಿ ಇದ್ದದ್ದು 36. ಅಷ್ಟು ಅಥವಾ ಜಾಸ್ತಿ ಬಂದದ್ದು 30 ಸಲವೂ ಇಲ್ಲ. ಅಷ್ಟೇ ದೂರ ಕಡಿಮೆ ಬಂದದ್ದನ್ನೂ ಸೇರಿಸಿದರೂ ನೂರಕ್ಕೆ ಒಂದರ ಆಸುಪಾಸೇ. ನೆನಪಿಡಿ, ಇಡೀ ಊರೇ ತೆಳು ನೆರಳು ಅಥವಾ ಇಡೀ ಊರೇ ದಟ್ಟ ನೆರಳಾದರೆ ಆ ಊರಿಂದ ಏನೂ ಸಿಗುವುದಿಲ್ಲ. ಎಷ್ಟು ಸಲ ಕಲೆಸಿದರೂ ಆ ಊರಿನ ಎಣಿಕೆ ಅಷ್ಟೇ. ಊರು ಆರಿಸುವಾಗಲೇ ಎರಡೂ ಥರದ ತೋಟ ಇರುವ ಊರು ನೋಡಿಕೊಳ್ಳಿ.

ಆಮೇಲೆ ಗೆಳೆಯನೊಬ್ಬ ಆರ್ ಸಾಫ್ಟ್‌ವೇರಿನಲ್ಲಿ ರಾವ್-ಸ್ಕಾಟ್ ಕೂಡ ಹಾಕಿ ನೋಡಿದ. ಪಿ ಬೆಲೆ 0.01ರ ಹತ್ತಿರ. ಪಾಠ ಹೇಳುವವರಿಗೆ ಅದನ್ನು ಕಳಿಸಿದೆ, 'ಪರವಾಗಿಲ್ಲ' ಅಂತ ಉತ್ತರ ಬಂತು. ಅವರ ಬಾಯಲ್ಲಿ ಅದು ದೊಡ್ಡ ಮಾತು.

ಈ ಕಲೆಸುವ ಶೀಟು ಕೈಗೆ ಬಂದ ಮೇಲೆ ಸುಮ್ಮನಿರಲಾಗಲಿಲ್ಲ. ಯಾವ ಹುಡುಗ ಫಾರಂ ತುಂಬಿದ್ದು, ಉತ್ತರ ಏನು ಅಂತ ಟೇಬಲ್ ಹಾಕಿದೆ. ಅಲ್ಲಿ ನಂಟು ಇರಬಾರದು. ಒಬ್ಬನ ಸಾಲು ಮಾತ್ರ ಎದ್ದು ಕಂಡಿತು, ಅವನ ಫಾರಂಗಳಲ್ಲಿ 'ಇಲ್ಲ' ವಿಪರೀತ. ವಿಚಾರಿಸಿದರೆ ಕಾಂಡದ ತುಂಡು ಭಾರ ಅಂತ ಜೀಪಿನಲ್ಲೇ ಬಿಟ್ಟು ಹೋಗುತ್ತಿದ್ದನಂತೆ. ಅವನ ಊರುಗಳಿಗೆ ಮತ್ತೆ ಕಳಿಸಿದೆ, ಮೇಲೆ ಹೇಳಿದ ಅಂಕಿಗಳೆಲ್ಲ ಹಾಗೆ ತಿದ್ದಿದ ಮೇಲಿನವು. ಹಾಸನದ ಬಸ್ ಸ್ಟ್ಯಾಂಡ್ ಹತ್ತಿರದ ಹೋಟೆಲಿನಲ್ಲಿ ಇಡ್ಲಿ ತಿನ್ನುವವರು ಕಾಫಿ ಕುಡೀತಾರಾ, ದೋಸೆ ತಿನ್ನುವವರು ಟೀ ಕುಡೀತಾರಾ ಅಂತಲೂ ಗೀಟು ಹಾಕಿದೆ. ನಂಟೂ ಇಲ್ಲ ಏನೂ ಇಲ್ಲ. ಬಿಲ್ ಮಾತ್ರ ನಂದೇ.

ನಂಟಿದೆ ಅಂದ ಮಾತ್ರಕ್ಕೆ ನೆರಳೇ ಕಾರಣ ಅಂತ ನಾನು ಬರೆದಿಲ್ಲ. ಮರ ಬೋಳಿಸಿದವರೇ ಬೋರರ್ ಗಿಡ ಹುಡುಕಿ ಕೀಳುವುದರಲ್ಲೂ ಸೋಮಾರಿಗಳಿರಬಹುದು. ಆದರೂ ಗುಂಪಿನವರು ಈ ಸಲ ಅರೇಬಿಕಾ ತೋಟದಲ್ಲಿ ಮರಗಸಿ ಹಗುರವಾಗಿ ಮಾಡಿಸಿದ್ದಾರೆ. ಏಪ್ರಿಲ್-ಮೇ ದುಂಬಿ ಹಾರಾಟಕ್ಕೆ ಮುಂಚೆ ಕಾಂಡ ಉಜ್ಜಿಸುವುದನ್ನೂ ಒಪ್ಪಿದ್ದಾರೆ. ಮುಂದಿನ ಸರ್ವೆಯಲ್ಲಿ ಚಂದ್ರಗಿರಿಯೋ ಎಸ್ 795ಓ ಅಂತ ತಳಿಯನ್ನೂ ಕೇಳಬೇಕಂತೆ. ಹಾಗೆ ಇನ್ನೂ ಒಡೆದರೆ ಸೆಲ್‌ಗಳು ತೆಳ್ಳಗಾಗುತ್ತವೆ, ಅರೇಬಿಕಾ ಒಂದಕ್ಕೇ 400 ಫಾರಂ ಬೇಕು ಅಂತ ಹೇಳಿದ್ದೇನೆ. ಫಾರಂಗೆ 150 ಸಾಲದು ಅಂತಲೂ ಹೇಳಿದ್ದೇನೆ. ಅದಕ್ಕಿನ್ನೂ ಉತ್ತರ ಬಂದಿಲ್ಲ.